ಒನ್ ಗ್ರಾಂ, ಗೋಲ್ಡ್ ಫಿಲ್ಡ್, ಬೆಳ್ಳಿ ಮೇಲೆ ಚಿನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಣಿ ಪೋಣಿಸುವುದು, ಸರ ಕಟ್ಟುವುದು, ಹಳೇ ಸೆಟ್ಟುಗಳನ್ನು ರಿಪೇರಿ ಮಾಡಿಕೊಡುವುದು ನನ್ನ ಕೆಲಸ. ಒಡವೆ ಹಿಡಿದುಕೊಂಡು ಬರುವವರು ಜೊತೆಗೆ ಒಂದು ಪ್ರಶ್ನೆಯನ್ನೂ ತರುತ್ತಾರೆ. 2025ರಲ್ಲಿ 10 ಗ್ರಾಂ ಅಪರಂಜಿಯ ಬೆಲೆ 1 ಲಕ್ಷ ರೂಪಾಯಿ ದಾಟಿದ ಮೇಲಂತೂ ಈ ಪ್ರಶ್ನೆಗಳು ಜಾಸ್ತಿಯಾಗಿವೆ. ಎದುರಿಗೆ ಕೇಳಿದವು, ಪತ್ರದಲ್ಲಿ ಬಂದವು ಎಲ್ಲ ಸೇರಿಸಿ, ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ.

ಓದುವ ಮೊದಲು ಒಂದು ಅಳತೆ ತಲೆಯಲ್ಲಿರಲಿ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.

## ಮೊದಲು ಕೇಳುವವು

ಒನ್ ಗ್ರಾಂ ಗೋಲ್ಡ್ ಅಂದ್ರೆ ಅದರಲ್ಲಿ ನಿಜವಾಗ್ಲೂ ಒಂದು ಗ್ರಾಂ ಚಿನ್ನ ಇರುತ್ತಾ?

ಇರುವುದಿಲ್ಲ. ಬೇರೆ ಲೋಹದ ಮೇಲೆ ಚಿನ್ನದ ತೆಳು ಪದರ ಕೂರಿಸಿದ ಒಡವೆಗೆ ವ್ಯಾಪಾರದಲ್ಲಿ ಬಂದ ಹೆಸರು ಅದು, ತೂಕದ ಲೆಕ್ಕವಲ್ಲ.

ಬೆಲೆಯಿಂದಲೇ ಗೊತ್ತಾಗುತ್ತದೆ. ಒಂದು ಗ್ರಾಂ ಚಿನ್ನಕ್ಕೇ 10,000 ರೂಪಾಯಿಗಿಂತ ಜಾಸ್ತಿ ಇರುವಾಗ, ಒಂದು ಗ್ರಾಂ ಹಾಕಿದ ಬಳೆಯನ್ನು 500 ರೂಪಾಯಿಗೆ ಯಾರು ಕೊಡುತ್ತಾರೆ?

ಇನ್ನೊಂದು ಕಡೆಯಿಂದಲೂ ಲೆಕ್ಕ ಹಾಕೋಣ. 2.4 ಅಳತೆಯ, 4 ಮಿಲಿಮೀಟರ್ ದಪ್ಪದ ನಾಲ್ಕು ದುಂಡು ಬಳೆ ತೆಗೆದುಕೊಳ್ಳಿ. ನಾಲ್ಕರ ಮೈಯೆಲ್ಲ ಸೇರಿ ಸುಮಾರು 100 ಚದರ ಸೆಂಟಿಮೀಟರ್. ಅದರ ಮೇಲೆ ಅರ್ಧ ಮೈಕ್ರಾನ್ ಚಿನ್ನ ಕೂರಿಸಿದರೆ ಹಿಡಿಯುವುದು ಸುಮಾರು 0.1 ಗ್ರಾಂ. ಅದೂ ನಾಲ್ಕೂ ಬಳೆಗೆ ಸೇರಿ. ಅಗ್ಗದ ಬಳೆಗಳಲ್ಲಿ ಅರ್ಧ ಮೈಕ್ರಾನೂ ಇರುವುದಿಲ್ಲ. ಒಂದು ಗ್ರಾಂ ಪೂರ್ತಿ ಹಾಕಿದ್ದರೆ ಪದರ 5 ಮೈಕ್ರಾನ್ ದಪ್ಪ ಬರುತ್ತಿತ್ತು, ವರ್ಷಗಟ್ಟಲೆ ಹಾಕಿಕೊಂಡರೂ ಸವೆಯುತ್ತಿರಲಿಲ್ಲ.

ಅದಕ್ಕೇ ನಾನು ಯಾವಾಗಲೂ ಹೇಳುವುದು, ಹೆಸರು ನೋಡಿ ಕೊಳ್ಳಬೇಡಿ. ಪದರ ಎಷ್ಟು ದಪ್ಪ, ಕೆಳಗೆ ಯಾವ ಲೋಹ ಅಂತ ಕೇಳಿ.

ಗಿಲೀಟು, ಕವರಿಂಗ್, ರೋಲ್ಡ್ ಗೋಲ್ಡ್, ಪ್ಲೇಟೆಡ್ ಎಲ್ಲಾ ಒಂದೇನಾ?

ಮಾತಿನಲ್ಲಿ ಒಂದೇ ಆಗಿಬಿಟ್ಟಿವೆ, ಕೆಲಸದಲ್ಲಿ ಒಂದೇ ಅಲ್ಲ. ನಮ್ಮಜ್ಜಿಯ ಕಾಲದವರು ಚಿನ್ನದ ಮುಲಾಮು, ಚಿನ್ನದ ನೀರು ಅನ್ನುತ್ತಿದ್ದರು. ಆಮೇಲೆ ಗಿಲೀಟು ಬಂತು, ಉಮಾ ಗೋಲ್ಡ್ ಬಂತು, ಈಗ ಒನ್ ಗ್ರಾಂ.

ಚಿನ್ನವನ್ನು ಇನ್ನೊಂದು ಲೋಹದ ಮೇಲೆ ಕೂರಿಸಲು ಮುಖ್ಯವಾಗಿ ಎರಡು ದಾರಿ. ಮೊದಲನೆಯದು ಚಿನ್ನದ ತಗಡನ್ನೇ ಹಿತ್ತಾಳೆ ಅಥವಾ ತಾಮ್ರದ ಗಟ್ಟಿಗೆ ಕಾವು ಮತ್ತು ಒತ್ತಡದಿಂದ ಬೆಸೆದು, ರೋಲರಿನಲ್ಲಿ ಹಾಯಿಸಿ ತೆಳ್ಳಗೆ ಮಾಡುವುದು. ರೋಲ್ಡ್ ಗೋಲ್ಡ್ ಅನ್ನುವ ಹೆಸರು ಬಂದಿದ್ದು ಇದರಿಂದ. ಎರಡನೆಯದು ಕರೆಂಟಿನ ಸಹಾಯದಿಂದ ದ್ರಾವಣದಲ್ಲಿರುವ ಚಿನ್ನವನ್ನು ಒಡವೆಯ ಮೇಲೆ ಕೂರಿಸುವುದು. ಇದು ಪ್ಲೇಟಿಂಗ್. ಇಂದು ಅಂಗಡಿಯಲ್ಲಿ ಯಾವ ಹೆಸರಿನಲ್ಲಿ ಸಿಕ್ಕರೂ ಹೆಚ್ಚಿನವು ಪ್ಲೇಟಿಂಗ್‌ನವೇ.

ಆಂಧ್ರದ ಮಚಲೀಪಟ್ಟಣ, ಅದರ ಪಕ್ಕದ ಚಿಲಕಲಪೂಡಿ ಈ ಕವರಿಂಗ್ ಕೆಲಸಕ್ಕೇ ಹೆಸರಾದ ಊರುಗಳು. ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಕಡೆ ಹೋದರೆ ಸಾಕು, ಸಾಲುಸಾಲು ಅಂಗಡಿ.

ಹಾಗಾದ್ರೆ ಇದೆಲ್ಲಾ ಡೂಪ್ಲಿಕೇಟ್ ಅಲ್ವಾ? ಮದುವೆಗೆ ಹಾಕ್ಕೊಂಡ್ರೆ ಜನ ಏನಂತಾರೆ?

ಪ್ಲೇಟಿಂಗ್ ಸರಿಯಾಗಿ ಮಾಡಿದ್ದರೆ ಮೇಲೆ ಕಾಣುವುದು ನಿಜವಾದ ಚಿನ್ನವೇ, ತೆಳ್ಳಗಿರುತ್ತದೆ ಅಷ್ಟೇ. ಚಿನ್ನ ಅಂತ ಹೇಳಿ ಮಾರಿದರೆ ಮೋಸ. ಪದರ ಅಂತ ಹೇಳಿ ಮಾರಿದರೆ ಅದು ಅದರದೇ ಮರ್ಯಾದೆ ಇರುವ ವಸ್ತು. ಮಗಳ ಮದುವೆಗೆ ಸಾಲ ಮಾಡಿ ಸೊಂಟಪಟ್ಟಿ ಮಾಡಿಸಿ, ಮೂರೇ ತಿಂಗಳಿಗೆ ಅದನ್ನು ಅಡವಿಟ್ಟವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ತಾಳಿ, ಒಂದು ಜೊತೆ ಓಲೆ ಚಿನ್ನದ್ದಿರಲಿ. ಹಾರ, ವಂಕಿ, ಸೊಂಟಪಟ್ಟಿ ಪದರದ್ದಾದರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ.

ಪಂಚಲೋಹದ ಬಳೆ ಒಳ್ಳೇದೋ, ಒನ್ ಗ್ರಾಂ ಬಳೆ ಒಳ್ಳೇದೋ?

ಎರಡೂ ಬೇರೆ ಜಾತಿ. ಪಂಚಲೋಹದಲ್ಲಿ ಪದರ ಇಲ್ಲ, ಲೋಹಗಳನ್ನು ಕರಗಿಸಿ ಬೆರೆಸಿರುತ್ತಾರೆ. ಒಳಗೂ ಹೊರಗೂ ಒಂದೇ. ಹಾಗಾಗಿ ಸವೆದರೂ ಬೇರೆ ಬಣ್ಣ ಕಾಣುವುದಿಲ್ಲ, ಮಾಸಿದರೆ ಉಜ್ಜಿದರೆ ಹೊಳಪು ಬರುತ್ತದೆ. ಆದರೆ ಸಾಂಪ್ರದಾಯಿಕ ಲೆಕ್ಕದಲ್ಲಿ ಚಿನ್ನವೂ ಒಂದು ಪಾಲು ಅಂತಿದ್ದರೂ, ಅಂಗಡಿಯ ಅಗ್ಗದ ಪಂಚಲೋಹದ ಬಳೆಯಲ್ಲಿ ಚಿನ್ನವನ್ನು ನಿರೀಕ್ಷಿಸಬೇಡಿ. ದಿನಾ ಪಾತ್ರೆ ತೊಳೆಯುವ ಕೈಗೆ ಪಂಚಲೋಹ ತಾಳುತ್ತದೆ. ಹಬ್ಬದ ದಿನದ ಹಳದಿ ಹೊಳಪಿಗೆ ಒನ್ ಗ್ರಾಂ.

## ಯಾವುದಕ್ಕೂ ಯಾವುದಕ್ಕೂ ಏನು ವ್ಯತ್ಯಾಸ

ಅಮೆರಿಕದಿಂದ ಅಕ್ಕ ಗೋಲ್ಡ್ ಫಿಲ್ಡ್ ಸರ ತಂದಿದ್ದಾರೆ. ಕೊಂಡಿ ಮೇಲೆ 14/20 ಜಿಎಫ್ ಅಂತಿದೆ. ಏನದು?

ಒಳ್ಳೆಯ ವಸ್ತು ತಂದಿದ್ದಾರೆ. ಅಲ್ಲಿ ಈ ಹೆಸರಿಗೆ ನಿಯಮವಿದೆ. ಒಡವೆಯ ಒಟ್ಟು ಲೋಹದ ತೂಕದಲ್ಲಿ 20ರಲ್ಲಿ 1 ಪಾಲಾದರೂ ಚಿನ್ನದ ಪದರ ಇರಬೇಕು. 14 ಅಂದರೆ ಆ ಪದರ 14 ಕ್ಯಾರಟ್, 24 ಪಾಲಿನಲ್ಲಿ 14 ಪಾಲು ಚಿನ್ನ. ನಿಮ್ಮ ಸರ 20 ಗ್ರಾಂ ತೂಗಿದರೆ ಅದರಲ್ಲಿ 1 ಗ್ರಾಂ 14 ಕ್ಯಾರಟ್ ಚಿನ್ನವಿದೆ, ಅಪರಂಜಿಯ ಲೆಕ್ಕದಲ್ಲಿ 0.58 ಗ್ರಾಂ. ಉಳಿದದ್ದು ಹೆಚ್ಚಾಗಿ ಹಿತ್ತಾಳೆ. ಒಂದು ಗ್ರಾಂ ಅನ್ನುವ ಮಾತು ನಿಜವಾಗಿ ಹೊಂದುವುದಾದರೆ ಈ ಸರಕ್ಕೆ!

ಇದು ಪ್ಲೇಟಿಂಗ್ ಅಲ್ಲ, ನಾನು ಮೇಲೆ ಹೇಳಿದ ಬೆಸೆಯುವ ಕೆಲಸ. 1 ಮಿಲಿಮೀಟರ್ ತಂತಿಯ ಮೇಲೆ ಚಿನ್ನ ಸುಮಾರು 8 ಮೈಕ್ರಾನ್ ದಪ್ಪ ಕೂರುತ್ತದೆ. ಅರ್ಧ ಮೈಕ್ರಾನ್ ಪ್ಲೇಟಿಂಗ್‌ಗೆ ಹೋಲಿಸಿದರೆ ಹದಿನಾರು ಪಟ್ಟು. ಸ್ನಾನಕ್ಕೆ, ನಿದ್ದೆಗೆ ತೆಗೆಯದೆ ಹಾಕಿಕೊಂಡರೂ ಬಹಳ ವರ್ಷ ಬರುತ್ತದೆ. ಆದರೆ ತಂತಿ ಕತ್ತರಿಸಿದ ತುದಿಯಲ್ಲಿ ಒಳಗಿನ ಹಿತ್ತಾಳೆ ತೆರೆದಿರುತ್ತದೆ. ಕಪ್ಪಾದರೆ ಮೊದಲು ಅಲ್ಲೇ.

ನಮ್ಮವರಿಗೆ ಇದು ಹಿಡಿಸದಿರುವುದಕ್ಕೆ ಕಾರಣ ಬಣ್ಣ. 22 ಕ್ಯಾರಟಿನ ಗಾಢ ಹಳದಿ ನೋಡಿದ ಕಣ್ಣಿಗೆ 14 ಕ್ಯಾರಟ್ ಪೇಲವ. ಗುಣ ಕಮ್ಮಿ ಅಂತ ಅಲ್ಲ.

ಕೊಂಡಿಯ ಮೇಲೆ ಆರ್‌ಜಿಪಿ (ರೋಲ್ಡ್ ಗೋಲ್ಡ್ ಪ್ಲೇಟ್) ಅಂತಿದ್ದು 1/40 ಇದ್ದರೆ ಅದೂ ಬೆಸೆದ ಪದರವೇ, ಚಿನ್ನ ಅರ್ಧದಷ್ಟು.

ಬೆಳ್ಳಿ ಮೇಲೆ ಚಿನ್ನ ಹಾಕಿಸಿದ್ದು, ವರ್ಮೇಲ್ ಅಂತಾರಲ್ಲ, ಅದಕ್ಕೆ ಯಾಕೆ ಅಷ್ಟು ರೇಟು?

ಕೆಳಗಿರುವುದೇ ಬೆಲೆ ಬಾಳುವ ಲೋಹ ಆದ್ದರಿಂದ. ಅಮೆರಿಕದ ನಿಯಮದಲ್ಲಿ ಈ ಹೆಸರು ಬಳಸಬೇಕಾದರೆ ಒಳಗೆ 925 ಬೆಳ್ಳಿ (ಸಾವಿರದಲ್ಲಿ 925 ಪಾಲು ಶುದ್ಧ ಬೆಳ್ಳಿ), ಮೇಲೆ ಕನಿಷ್ಠ 2.5 ಮೈಕ್ರಾನ್ ಚಿನ್ನ ಬೇಕು. ನಮ್ಮಲ್ಲಿ ಬೆಳ್ಳಿಗೆ ಬರೀ ಚಿನ್ನದ ಪಾಲಿಶ್ ಕೊಟ್ಟದ್ದನ್ನೂ ಇದೇ ಹೆಸರಿನಲ್ಲಿ ಮಾರುವವರಿದ್ದಾರೆ. ಬೆಳ್ಳಿ ಅಂದ ಮಾತ್ರಕ್ಕೆ ಪದರ ದಪ್ಪ ಅಂದುಕೊಳ್ಳಬೇಡಿ.

ಹಿಂದೆ ಈ ಕೆಲಸ ಬೇರೆ ಥರ ಇತ್ತು. ಚಿನ್ನವನ್ನು ಪಾದರಸದಲ್ಲಿ ಕಲಸಿ ಬೆಣ್ಣೆಯಂತೆ ಮಾಡಿ, ಬೆಳ್ಳಿಗೆ ಬಳಿದು ಕಾಯಿಸುತ್ತಿದ್ದರು. ಪಾದರಸ ಹಬೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಹಬೆ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ನರಗಳು ಹಾಳಾಗುತ್ತಿದ್ದವು. ಕರೆಂಟಿನ ಪ್ಲೇಟಿಂಗ್ ಬಂದು ಆ ಕಷ್ಟವೊಂದು ತಪ್ಪಿತು.

ನನ್ನನ್ನು ಕೇಳಿದರೆ ಕೈಯಲ್ಲಿ ಸ್ವಲ್ಪ ದುಡ್ಡಿದ್ದವರಿಗೆ ಇದೇ ಒಳ್ಳೆಯ ಆಯ್ಕೆ. ಬಣ್ಣ ಹೋದರೆ ಮತ್ತೆ ಹಾಕಿಸಬಹುದು, ಬೇಡವಾದರೆ ಬೆಳ್ಳಿಯ ಬೆಲೆಯಾದರೂ ಸಿಗುತ್ತದೆ. ಚರ್ಮಕ್ಕೂ ಒಗ್ಗುತ್ತದೆ.

ಆಂಟಿ ಟಾರ್ನಿಶ್ ಅಂತ ಆನ್‌ಲೈನ್‌ನಲ್ಲಿ ಬರ್ತಿದೆಯಲ್ಲ, ನೀರಿಗೆ ಬಿದ್ದರೂ ಬಣ್ಣ ಹೋಗಲ್ಲ ಅಂತಾರೆ, ನಿಜನಾ?

ಬಹುಪಾಲು ನಿಜ. ಒಳಗಿರುವುದು ಸ್ಟೇನ್‌ಲೆಸ್ ಸ್ಟೀಲು, ಅದು ತುಕ್ಕು ಹಿಡಿಯುವುದಿಲ್ಲ. ಮೇಲಿನ ಬಣ್ಣವನ್ನು ಗಾಳಿ ತೆಗೆದ ಪೆಟ್ಟಿಗೆಯೊಳಗೆ ಆವಿಯಾಗಿ ಕೂರಿಸುತ್ತಾರೆ, ಪಿವಿಡಿ ಅನ್ನುತ್ತಾರೆ. ಆದರೆ ಆ ಬಣ್ಣ ಚಿನ್ನವೇ ಆಗಿರಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಹಳದಿ ಬಣ್ಣದ ಡ್ರಿಲ್ ಬಿಟ್ ನೋಡಿದ್ದೀರಲ್ಲ, ಅದರ ಮೇಲಿರುವುದು ಟೈಟಾನಿಯಂ ನೈಟ್ರೈಡ್. ಗಟ್ಟಿ, ಚಿನ್ನದ ಬಣ್ಣ, ಒಂದು ಚೂರೂ ಚಿನ್ನವಿಲ್ಲ. ಒಡವೆಗೂ ಅದನ್ನು ಬಳಸುತ್ತಾರೆ. ಕೆಲವು ತಯಾರಕರು ಅದರ ಮೇಲೆ ತೆಳ್ಳಗೆ ಚಿನ್ನವನ್ನೂ ಹಾಕುತ್ತಾರೆ.

ಕಾಲೇಜು ಹುಡುಗಿಯರ ದಿನಬಳಕೆಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಮುರಿದರೆ ಮಾತ್ರ ಕಷ್ಟ. ನಮ್ಮ ಬೆಸುಗೆಯವರು ಅದನ್ನು ಮುಟ್ಟುವುದಿಲ್ಲ.

ಕೆಳಗಡೆ ಯಾವ ಲೋಹ ಇದ್ದರೆ ಒಳ್ಳೇದು?

ಬೆಳ್ಳಿ ಮೊದಲು. ಆಮೇಲೆ ತಾಮ್ರ, ಹಿತ್ತಾಳೆ. ಇವೆರಡೂ ಬೆಸುಗೆಗೂ, ಮರುಪ್ಲೇಟಿಂಗ್‌ಗೂ ಬಗ್ಗುತ್ತವೆ. ಕೊನೆಗೆ ವೈಟ್ ಮೆಟಲ್ ಅನ್ನುವ ಸತುವಿನ ಮಿಶ್ರಣ. ಅಚ್ಚಿನಲ್ಲಿ ಸುಲಭವಾಗಿ ಎರಕ ಹೊಯ್ಯಬಹುದು, ಅದಕ್ಕೇ ಅಗ್ಗ. ಕೈಜಾರಿ ಬಿದ್ದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಮುರಿದ ಜಾಗ ಬೂದು ಬಣ್ಣಕ್ಕೆ ಮರಳುಮರಳಾಗಿ ಕಂಡರೆ ಅದೇ ಅಂತ ತಿಳಿಯಿರಿ.

ಮಗಳ ರಂಗಪ್ರವೇಶ ಇದೆ. ಟೆಂಪಲ್ ಸೆಟ್ ಒರಿಜಿನಲ್ ತಗೊಳ್ಳಬೇಕಾ, ಇಮಿಟೇಶನ್ ಸಾಕಾ?

ಒರಿಜಿನಲ್ ಅಂತ ನೃತ್ಯದವರು ಹೇಳುವುದು ತಮಿಳುನಾಡಿನ ನಾಗರಕೋಯಿಲ್‌ನ ವಡಸೇರಿಯ ಕೆಲಸವನ್ನು. ಬೆಳ್ಳಿಯ ಮೇಲೆ ಕೆಂಪು ಕಲ್ಲು ಕೂರಿಸಿ ಚಿನ್ನದ ರೇಕು ಒತ್ತಿರುತ್ತಾರೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮಗಳು ಮುಂದೆಯೂ ನೃತ್ಯ ಬಿಡುವುದಿಲ್ಲ ಅಂತ ಖಾತ್ರಿಯಿದ್ದರೆ ಅದನ್ನೇ ತೆಗೆದುಕೊಳ್ಳಿ, ಮುಂದಿನ ತಲೆಮಾರಿಗೂ ಬರುತ್ತದೆ. ಇಲ್ಲದಿದ್ದರೆ ತಲೆಸೆಟ್ಟು ಮಾತ್ರ ಒಳ್ಳೆಯದು ಕೊಂಡು ಉಳಿದದ್ದು ತಾಮ್ರದ ಮೇಲಿನ ಪ್ಲೇಟಿಂಗ್ ಇರಲಿ. ಹಣೆಯ ಬೆವರು ಮೊದಲು ಹಾಳು ಮಾಡುವುದು ಬೈತಲೆ ಬೊಟ್ಟನ್ನು.

## ಹಾಕಿಕೊಳ್ಳುವುದು, ಇಟ್ಟುಕೊಳ್ಳುವುದು

ಎಷ್ಟು ದಿನ ಬರುತ್ತೆ, ನೇರವಾಗಿ ಹೇಳಿ.

ದಪ್ಪದ ಮೇಲೆ, ಉಜ್ಜಾಟದ ಮೇಲೆ. ಬರೀ ಬಣ್ಣ ತೋರಿಸಿದಂಥ ತೆಳು ಪ್ಲೇಟಿಂಗ್ ನಾಲ್ಕೈದು ಸಮಾರಂಭಕ್ಕೆ. ಅರ್ಧದಿಂದ ಒಂದು ಮೈಕ್ರಾನ್ ಇದ್ದು ಹಬ್ಬ, ಮದುವೆಗೆ ಮಾತ್ರ ಹಾಕಿದರೆ ಕೆಲವು ವರ್ಷ. ನಾನು ರಿಪೇರಿಗೆ ಬಂದದ್ದನ್ನು ನೋಡಿ ಹೇಳುವುದಾದರೆ ಉಂಗುರ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಆಮೇಲೆ ಬಳೆ, ಆಮೇಲೆ ಸರ. ಓಲೆ ಕೊನೆಗೆ.

ಸೆಕೆಂಡ್ ಹ್ಯಾಂಡ್ ಒಡವೆ ನೋಡುವಾಗ ಮುಂಭಾಗ ನೋಡಬೇಡಿ. ಸರವನ್ನು ತಿರುಗಿಸಿ ಕತ್ತಿನ ಹಿಂದೆ ಬರುವ ಎರಡು ಇಂಚು ನೋಡಿ. ಕೊಂಡಿಯ ಪಕ್ಕದ ಉಂಗುರ, ಅದು ಕೊಂಡಿಗೆ ಉಜ್ಜುವ ಜಾಗ. ಬಳೆಯಾದರೆ ಒಳಗಿನ ಅಂಚು. ಅಲ್ಲಿ ಕೆಂಪು ಅಥವಾ ಬೂದು ಬಣ್ಣ ಇಣುಕಿದರೆ ಪದರ ಮುಗಿಯುತ್ತಾ ಬಂತು ಅಂತ.

ಕತ್ತು ಹಸಿರಾಗುತ್ತೆ. ವಿಷ ಏನಾದರೂ ಇರುತ್ತಾ?

ಗಾಬರಿ ಬೇಡ. ಪದರ ಸವೆದ ಕಡೆ ತಾಮ್ರ ಬೆವರಿಗೆ ಸಿಕ್ಕಿ ಹಸಿರು ಉಪ್ಪು ಆಗುತ್ತದೆ. ಸೋಪು ನೀರಿನಲ್ಲಿ ತೊಳೆದರೆ ಹೋಗುತ್ತದೆ. ಪೂಜೆಯ ತಾಮ್ರದ ಚೊಂಬಿನ ಅಂಚಿನಲ್ಲಿ ಕಾಣುವ ಹಸಿರೂ ಇದರ ನೆಂಟನೇ.

ಕಿವಿ ತುರಿಸುತ್ತೆ, ನೀರು ಬರುತ್ತೆ. ಮೇಲೆ ಚಿನ್ನ ಇದ್ದರೂ ಯಾಕೆ ಹೀಗೆ?

ಹೆಚ್ಚಾಗಿ ನಿಕಲ್‌ನಿಂದ. ತಾಮ್ರ ನೇರವಾಗಿ ಚಿನ್ನದೊಳಗೆ ಸೇರಿ ಬಣ್ಣ ಕೆಡಿಸದಿರಲಿ ಅಂತ ಮಧ್ಯೆ ನಿಕಲ್ ಪದರ ಕೊಡುತ್ತಾರೆ. ಹೊಳಪೂ ಬರುತ್ತದೆ. ಮೇಲಿನ ಚಿನ್ನ ತೆಳ್ಳಗಿದ್ದರೆ ನಿಕಲ್ ಬೆವರಿಗೆ ಬಿಡುತ್ತದೆ. ಒಮ್ಮೆ ಮೈಗೆ ಆಗದಿದ್ದರೆ ಆಮೇಲೂ ಆಗುವುದಿಲ್ಲ, ಅದು ಮಾಯವಾಗುವ ಅಲರ್ಜಿ ಅಲ್ಲ. ಯುರೋಪಿನಲ್ಲಿ ಒಡವೆಯಿಂದ ಎಷ್ಟು ನಿಕಲ್ ಬಿಡಬಹುದು ಅನ್ನುವುದಕ್ಕೇ ಕಾನೂನಿದೆ, ಕಿವಿಯ ಕಡ್ಡಿಗೆ ಇನ್ನೂ ಬಿಗಿ.

ಕಡ್ಡಿಗೆ ನೇಲ್ ಪಾಲಿಶ್ ಹಚ್ಚುವ ಉಪಾಯ ಒಂದು ದಿನದ್ದು. ಓಲೆಯ ತಿರುಪು ಮತ್ತು ಕಡ್ಡಿ ಮಾತ್ರ ಬೆಳ್ಳಿಯದ್ದು ಹಾಕಿಸಿಕೊಡಿ ಅಂತ ಕೇಳಿ, ನಾನೂ ಮಾಡಿಕೊಡುತ್ತೇನೆ. ಈಗಷ್ಟೇ ಚುಚ್ಚಿದ ಕಿವಿಗೆ ದಯವಿಟ್ಟು ಪ್ಲೇಟೆಡ್ ಹಾಕಬೇಡಿ. ಮಗುವಿನ ಕಿವಿಗಾದರೆ ಚಿನ್ನದ ತಂತಿಯೇ ಇರಲಿ. ನೀರು ಸೋರುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಸರಗಳ್ಳರ ಭಯಕ್ಕೆ ಕರಿಮಣಿ ಸರವನ್ನೇ ಒನ್ ಗ್ರಾಂ ಮಾಡ್ಕೊಂಡಿದ್ದೀನಿ. ತಪ್ಪಾ?

ಇದನ್ನು ಕೇಳುವಾಗ ಹೆಣ್ಣುಮಕ್ಕಳು ದನಿ ತಗ್ಗಿಸುತ್ತಾರೆ. ತಪ್ಪಿಲ್ಲ ಅಕ್ಕ. ತಾಳಿಬೊಟ್ಟು ಚಿನ್ನದ್ದೇ ಇಟ್ಟುಕೊಂಡು ಸರ ಮಾತ್ರ ಬದಲಿಸಿಕೊಂಡವರು ಬಹಳ ಜನ. ಆದರೆ ದಿನಾ ಕತ್ತಿನಲ್ಲಿರುವ ಸರಕ್ಕೆ ಅಗ್ಗದ ಪ್ಲೇಟಿಂಗ್ ಸುಮ್ನೆ ದಂಡ. ಬೆಳ್ಳಿಯ ಮೇಲೆ 2 ಮೈಕ್ರಾನಿಗಿಂತ ಜಾಸ್ತಿ ಹಾಕಿಸಿ. ಕಿತ್ತುಕೊಳ್ಳುವ ಕಳ್ಳನಿಗೆ ಅದು ಪದರ ಅಂತ ಗೊತ್ತಾಗುವುದಿಲ್ಲ, ಅದೂ ನೆನಪಿರಲಿ. ಒಬ್ಬರೇ ಓಡಾಡುವಾಗ ಸೆರಗು ಹೊದ್ದುಕೊಳ್ಳುವುದು ಇದ್ದೇ ಇದೆ.

ತೊಳೆಯೋದು ಹೇಗೆ, ಎತ್ತಿಡೋದು ಹೇಗೆ?

ಕ್ರೀಮು, ಸೆಂಟು ಎಲ್ಲ ಮುಗಿದು ಒಣಗಿದ ಮೇಲೆ ಒಡವೆ. ತೆಗೆಯುವಾಗ ಒಡವೆ ಮೊದಲು. ತೆಗೆದ ಕೂಡಲೇ ಮೆತ್ತನೆ ಹತ್ತಿ ಬಟ್ಟೆಯಿಂದ ಬೆವರು ಒರೆಸಿ. ಟೂತ್‌ಪೇಸ್ಟ್, ಹುಣಸೆಹಣ್ಣು, ಪೀತಾಂಬರಿ ಯಾವುದೂ ಬೇಡ. ಅವು ಕೊಳೆಯ ಜೊತೆ ಚಿನ್ನವನ್ನೂ ಎತ್ತುತ್ತವೆ. ಒಂದೊಂದನ್ನೂ ಒಂದೊಂದು ಜಿಪ್ ಕವರಿನಲ್ಲಿ ಗಾಳಿ ಒತ್ತಿ ತೆಗೆದು ಇಡಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಜೊತೆಗೊಂದು ಸಿಲಿಕಾ ಪೊಟ್ಟಣ ಹಾಕಿ.

## ಒಳಗಿನ ವಿಷಯ

ಪ್ಲೇಟಿಂಗ್ ಹೇಗೆ ಮಾಡ್ತಾರೆ? ಕಿಟ್ ತರಿಸಿ ಮನೇಲೇ ಮಾಡಬಹುದಾ?

ಬೆಂಗಳೂರು ಪೇಟೆಯ ಒಂದು ಪುಟ್ಟ ಕೋಣೆಯಲ್ಲಿ ನಿಂತು ನೋಡಿದ್ದನ್ನು ಹೇಳುತ್ತೇನೆ. ಬಳೆಗಳನ್ನು ತಾಮ್ರದ ತಂತಿಗೆ ಕಟ್ಟುತ್ತಾರೆ. ಮೊದಲು ಎಣ್ಣೆ ಜಿಡ್ಡು ತೆಗೆಯುವ ಬಿಸಿ ನೀರು. ಬೆರಳಿನ ಒಂದು ಗುರುತು ಉಳಿದರೂ ಅಲ್ಲಿ ಚಿನ್ನ ಹಿಡಿಯುವುದಿಲ್ಲ. ಆಮೇಲೆ ನಿಕಲ್ ತೊಟ್ಟಿ, ತೊಳೆತ, ಕೊನೆಗೆ ಚಿನ್ನದ ತೊಟ್ಟಿ. ಅಲ್ಲಿ ಇರುವ ಸಮಯ ತೀರಾ ಕಡಿಮೆ. ಬಿಳಿ ಬಳೆ ಒಳಗೆ ಹೋಗಿ, ನಾನು ಉಸಿರು ಬಿಡುವಷ್ಟರಲ್ಲಿ ಹಳದಿಯಾಗಿ ಬಂತು. ದಪ್ಪ ಬೇಕಾದರೆ ಜಾಸ್ತಿ ಹೊತ್ತು ಬಿಡಬೇಕು, ಅಷ್ಟು ಚಿನ್ನ ಖರ್ಚು. ಎಲ್ಲ ವ್ಯತ್ಯಾಸ ಇರುವುದು ಆ ಹೊತ್ತಿನಲ್ಲಿ. ಕೊನೆಗೆ ಅಂಟುವಾಳದ ನೀರು ಹಾಕಿ ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಮರದ ಪುಡಿಯಲ್ಲಿ ಹೊರಳಿಸಿ ಒಣಗಿಸಿದರು.

ಮನೆಯಲ್ಲಿ ಬೇಡವೇ ಬೇಡ. ಆ ತೊಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಚಿನ್ನದ ಸೈನೈಡ್ ಲವಣ. ಕೋಲಾರದ ಗಣಿಯಲ್ಲಿ ಅದಿರಿನಿಂದ ಚಿನ್ನ ಬಿಡಿಸಲು ಬಳಸುತ್ತಿದ್ದದ್ದೂ ಸೈನೈಡೇ. 2001ರಲ್ಲಿ ಗಣಿ ಮುಚ್ಚಿದರೂ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಇನ್ನೂ ಹಾಗೇ ನಿಂತಿವೆ. ಸೈನೈಡ್ ದ್ರಾವಣಕ್ಕೆ ಆಮ್ಲ ಬೆರೆತರೆ ಜೀವ ತೆಗೆಯುವ ಗಾಳಿ ಏಳುತ್ತದೆ. ಅಡುಗೆಮನೆಯ ಸಿಂಕಿಗೆ ಸುರಿಯುವ ವಸ್ತು ಅಲ್ಲ ಅದು.

ಬಣ್ಣ ಹೋದ ಸೆಟ್ಟಿಗೆ ಮತ್ತೆ ಪಾಲಿಶ್ ಹಾಕಿಸಬಹುದಾ?

ತಾಮ್ರ, ಹಿತ್ತಾಳೆ, ಬೆಳ್ಳಿಯದ್ದಾದರೆ ಧಾರಾಳವಾಗಿ. ಆದರೆ ಹಳೇ ಪದರ ಉಜ್ಜಿ ತೆಗೆಯುವಾಗ ನಕಾಸಿಯ ಗೆರೆಗಳು ಒಂದಿಷ್ಟು ಮಾಸುತ್ತವೆ. ಮುತ್ತಿದ್ದರೆ ಬಿಚ್ಚಿಟ್ಟು ಕೊಡಿ, ತೊಟ್ಟಿಯ ದ್ರಾವಣ ಅದರ ಕಳೆ ತೆಗೆಯುತ್ತದೆ. ಅಂಟು ಹಾಕಿ ಕೂರಿಸಿದ ಕಲ್ಲು ಬಿಸಿನೀರಿಗೆ ಕಿತ್ತು ಬರುತ್ತದೆ. ಒಮ್ಮೆ ಒಬ್ಬರ ಹಾರ ಕೊಟ್ಟು, ವಾಪಸ್ ಬಂದಾಗ ಎಣಿಸಿದರೆ 11 ಕೆಂಪು ಕಲ್ಲು ಕಮ್ಮಿ. ಬೇರೆ ಬೇರೆ ಅಂಗಡಿ ಸುತ್ತಿ ಹೊಂದುವ ಕಲ್ಲು ಹುಡುಕಲು ಎರಡು ವಾರ ಬೇಕಾಯಿತು. ಅಂದಿನಿಂದ ಕೊಡುವ ಮೊದಲು ಎಣಿಸಿ, ಫೋಟೋ ತೆಗೆದುಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ.

ಬಳೆ ಒಳಗೆ 916 ಅಂತ ಒತ್ತಿದ್ದಾರೆ. ಚಿನ್ನ ಅಂತಾನೇ ಅರ್ಥ ಅಲ್ವಾ?

916 ಅಂದರೆ ಸಾವಿರದಲ್ಲಿ 916 ಪಾಲು ಚಿನ್ನ ಅಂತ. ಆದರೆ ಬರೀ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಕೊಟ್ಟ ಗುರುತಿನ ಸಂಖ್ಯೆ, ಕಡ್ಡಾಯ. ಜೊತೆಗೆ ಕೇಂದ್ರ ಸರ್ಕಾರದ ಮಾನಕ ಸಂಸ್ಥೆಯಾದ ಬಿಐಎಸ್‌ನ ತ್ರಿಕೋನ ಗುರುತು, 22ಕೆ916 ಥರದ ಶುದ್ಧತೆ. ಬಿಐಎಸ್ ಕೇರ್ ಆಪ್‌ನಲ್ಲಿ ಆ ಆರು ಅಕ್ಷರ ಹಾಕಿದರೆ ಯಾವ ವಸ್ತು, ಎಲ್ಲಿ ಹಾಲ್‌ಮಾರ್ಕ್ ಆಯಿತು ಅಂತ ಬರುತ್ತದೆ. ಬಳೆಯ ನಂಬರ್ ಹಾಕಿದಾಗ ಉಂಗುರ ಅಂತ ಬಂದರೆ ಎಚ್ಚರ. ಪದರದ ಒಡವೆಗೆ ಚಿನ್ನದ ಹಾಲ್‌ಮಾರ್ಕ್ ಸಿಗುವುದೇ ಇಲ್ಲ.

ಒರೆಗಲ್ಲಿಗೆ ಉಜ್ಜಿದರೆ, ಮೆಷಿನ್‌ನಲ್ಲಿ ಇಟ್ಟರೆ ಪದರ ಅಂತ ಗೊತ್ತಾಗಲ್ವಾ?

ತೆಳು ಪದರವಾದರೆ ಎರಡರಲ್ಲೂ ಸಿಕ್ಕಿಬೀಳುತ್ತದೆ. ದಪ್ಪ ಪದರ ಮೋಸ ಮಾಡಬಲ್ಲದು. ಒರೆಗಲ್ಲಿನ ಗೆರೆಯಲ್ಲಿ ಬರುವುದು ಮೇಲಿನ ಚಿನ್ನವೇ. ಎಕ್ಸ್‌ರೇ ಮೆಷಿನ್ ಕೂಡ ಮೇಲಿನ ಕೆಲವು ಮೈಕ್ರಾನ್ ಮಾತ್ರ ಓದುತ್ತದೆ. ಹಾಗಾಗಿಯೇ ಅನುಮಾನ ಬಂದರೆ ಒಂದು ಜಾಗ ಅರದಿಂದ ಗೀರಿ ಒಳಗೆ ನೋಡುತ್ತಾರೆ.

ಗೀರದೆ ನೋಡುವ ಉಪಾಯ ನೀರು. 20 ಗ್ರಾಂ ತೂಗುವ ಗಟ್ಟಿ ಬಳೆಯನ್ನು ದಾರದಲ್ಲಿ ಕಟ್ಟಿ ನೀರಿನೊಳಗೆ ತೂಗಿದರೆ, 22 ಕ್ಯಾರಟ್ ಆಗಿದ್ದರೆ ಸುಮಾರು 1.1 ಗ್ರಾಂ ಕಮ್ಮಿ ತೂಗುತ್ತದೆ. ಒಳಗೆ ಹಿತ್ತಾಳೆಯಿದ್ದರೆ 2.3 ಗ್ರಾಂ ಹತ್ತಿರ ಕಮ್ಮಿಯಾಗುತ್ತದೆ. ಪೊಳ್ಳು ಬಳೆಗೆ, ಕಲ್ಲಿನ ಒಡವೆಗೆ ಈ ಲೆಕ್ಕ ಹೊಂದುವುದಿಲ್ಲ. ಟಂಗ್‌ಸ್ಟನ್ ತುಂಬಿದ್ದರೂ ಕಷ್ಟ, ಅದರ ಸಾಂದ್ರತೆ ಚಿನ್ನಕ್ಕೆ ಹತ್ತಿರ ಹತ್ತಿರ.

ಹಳೇ ಒನ್ ಗ್ರಾಂ ಒಡವೆ ಡಬ್ಬಿ ತುಂಬಾ ಇದೆ. ಕರಗಿಸಿದರೆ ಚಿನ್ನ ಸಿಗುತ್ತಾ?

ಕರಗಿಸಿದರೆ ಚಿನ್ನ ತಾಮ್ರದಲ್ಲಿ ಸೇರಿ ಇನ್ನೂ ದೂರವಾಗುತ್ತದೆ. ಆಮ್ಲದಲ್ಲಿ ಬಿಡಿಸುವವರಿದ್ದಾರೆ, ಅದು ಕ್ವಿಂಟಲ್‌ಗಟ್ಟಲೆ ಇದ್ದವರಿಗೆ ಗಿಟ್ಟುವ ಕೆಲಸ. ಡಬ್ಬಿಯಲ್ಲಿ ಮುರಿಯದ ಮಣಿ, ಗುಂಡು, ಪದಕ ಇದ್ದರೆ ಆರಿಸಿ. ಹಳೇ ಪದಕಕ್ಕೆ ಹೊಸ ಹವಳದ ಸರ ಪೋಣಿಸಿದರೆ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ!

ಅಜ್ಜಿಯ ಜೋಮಾಲೆ ಹಗುರ ಇದೆ, ಒಳಗೆ ಅರಗು ಇದೆ ಅಂದ್ರು. ಅದೂ ಕವರಿಂಗಾ?

ಅಲ್ಲವೇ ಅಲ್ಲ. ಕೊಡಗಿನ ಜೋಮಾಲೆಯ ಗುಂಡುಗಳನ್ನು ಚಿನ್ನದ ತಗಡಿನಿಂದ ಪೊಳ್ಳಾಗಿ ಮಾಡಿ, ತಗ್ಗಾಗದಿರಲಿ ಅಂತ ಒಳಗೆ ಅರಗು ತುಂಬುತ್ತಾರೆ. ಹೊರಗಿನದು ಪೂರ್ತಿ ಚಿನ್ನದ ಗೋಡೆ, ಬೇರೆ ಲೋಹದ ಮೇಲೆ ಕೂರಿಸಿದ ಪದರವಲ್ಲ. ಮಾರಲು ಹೋದರೆ ಅರಗಿನ ತೂಕ ಕಳೆದು ಲೆಕ್ಕ ಹಾಕುತ್ತಾರೆ, ಅಷ್ಟೇ. ಪ್ಲೇಟಿಂಗ್‌ನವರ ಕೈಗೆ ಅದನ್ನು ಕೊಡಬೇಡಿ. ಬಿಸಿ ತೊಟ್ಟಿಗೆ ಇಳಿಸಿದರೆ ಅರಗು ಮೆತ್ತಗಾಗಿ ತೂತಿನಿಂದ ಹೊರಗೆ ಬರುತ್ತದೆ, ಗುಂಡು ಸೊಟ್ಟಗಾಗುತ್ತದೆ. ದಾರ ಹಳೆಯದಾಗಿದ್ದರೆ ಮಾತ್ರ ಬದಲಿಸಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿಡಿ.